ಸ್ಲೇಟು ಕತ್ತರಿಸಿಹೋಗಿದ್ದ ರೀಲು

ಸಾಕ್ಷ್ಯಚಿತ್ರಗಳಿಗೆ ಬೇಕಾದ ಹಳೆಯ ದೃಶ್ಯಗಳನ್ನು ಹುಡುಕಿ, ಅವು ಎಲ್ಲಿಯವು, ಯಾವಾಗಿನವು ಎಂದು ಪರಿಶೀಲಿಸಿ ಶೀರ್ಷಿಕೆ ಬರೆದುಕೊಡುವುದು ನನ್ನ ಕೆಲಸ. ಎರಡನೆಯ ಮಹಾಯುದ್ಧದ ನಂತರದ ವಿಚಾರಣೆಗಳ ಕುರಿತ ಸರಣಿಯೊಂದಕ್ಕೆ ದುಡಿಯುತ್ತಿದ್ದಾಗ, ಮಧ್ಯವರ್ತಿಯೊಬ್ಬರಿಂದ ಬಂದ ಗಲ್ಲುಶಿಕ್ಷೆಯ ತುಣುಕಿಗೆ ‘ನ್ಯೂರೆಂಬರ್ಗ್, 1946’ ಎಂಬ ಹೆಸರಿದ್ದುದನ್ನು ನಂಬಿ ಹಾಗೆಯೇ ಸಂಕಲನಕ್ಕೆ ದಾಟಿಸಿದೆ. ಹಿರಿಯ ಸಂಕಲನಕಾರರು ಅದನ್ನು ಎರಡು ಸಲ ಓಡಿಸಿ, “ಮೆಟ್ಟಿಲ ಮೇಲೆ ಬಿಸಿಲು ಬಿದ್ದಿದೆಯಲ್ಲ, ನೋಡಿದಿರಾ?” ಎಂದರು.

ನಾನು ನೋಡಿರಲಿಲ್ಲ. ನ್ಯೂರೆಂಬರ್ಗ್‌ನಲ್ಲಿ ಹತ್ತು ಮಂದಿ ನಾಜಿ ನಾಯಕರನ್ನು ಗಲ್ಲಿಗೇರಿಸಿದ್ದು 1946ರ ಅಕ್ಟೋಬರ್ 16ರ ನಡುರಾತ್ರಿ ಕಳೆದ ಮೇಲೆ, ಸೆರೆಮನೆಯ ವ್ಯಾಯಾಮಶಾಲೆಯೊಳಗೆ. ಅಲ್ಲಿ ಸೇನೆಯ ಛಾಯಾಗ್ರಾಹಕ ತೆಗೆದದ್ದು ಶವಗಳ ಸ್ಥಿರಚಿತ್ರಗಳನ್ನು. ಕೆಲವೇ ಗಂಟೆಗಳ ಮೊದಲು ಸಯನೈಡ್ ನುಂಗಿದ್ದ, ಗಲ್ಲಿಗೇರಬೇಕಿದ್ದ ಇನ್ನೊಬ್ಬ ನಾಜಿ ನಾಯಕ ಗೋರಿಂಗನ ಶವದ ಚಿತ್ರವೂ ಅವುಗಳಲ್ಲಿದೆ. ಟೋಕಿಯೊದ ಸುಗಾಮೊ ಸೆರೆಮನೆಯಲ್ಲಿ 1948ರ ಡಿಸೆಂಬರ್ 23ರಂದು ಜಪಾನಿನ ಯುದ್ಧಕಾಲದ ಪ್ರಧಾನಿ ತೋಜೊ ಮತ್ತಿತರರನ್ನು ಗಲ್ಲಿಗೇರಿಸಿದಾಗ ಅಮೆರಿಕದ ಜನರಲ್ ಮೆಕಾರ್ಥರ್ ಛಾಯಾಚಿತ್ರಗಳಿಗೂ ಅವಕಾಶ ಕೊಡಲಿಲ್ಲ. ನನ್ನ ಕೈಯಲ್ಲಿದ್ದದ್ದು ಜರ್ಮನಿಯ ಬವೇರಿಯಾದ ಲ್ಯಾಂಡ್ಸ್‌ಬರ್ಗ್ ಸೆರೆಮನೆಯ ಅಂಗಳದಲ್ಲಿ, ನಾಜಿಗಳ ಡಾಖಾವ್ ಸೆರೆಶಿಬಿರದ ಅಪರಾಧಿಗಳಿಗೆ 1946ರ ಮೇ ಕೊನೆಯಲ್ಲಿ ಶಿಕ್ಷೆ ಜಾರಿಯಾದಾಗ ಅಮೆರಿಕದ ಸೇನೆ ಚಿತ್ರೀಕರಿಸಿದ ದೃಶ್ಯ. ದಿನಾಂಕ, ಸ್ಥಳಗಳನ್ನು ಬರೆದು ಕ್ಯಾಮೆರಾದ ಮುಂದೆ ಹಿಡಿಯುವ ಸ್ಲೇಟಿನ ಭಾಗವನ್ನು ಯಾರೋ ‘ಅನಗತ್ಯ’ ಎಂದು ಕತ್ತರಿಸಿದ್ದರು. ನನ್ನ ಉದ್ಯೋಗಕ್ಕೆ ಆ ಎರಡು ಸೆಕೆಂಡುಗಳೇ ಆಧಾರ ಎಂಬುದು ನನಗೆ ಮನವರಿಕೆಯಾದದ್ದು ಅಂದು.

ಅಲ್ಲಿಂದ ಮುಂದೆ, ಅಮೆರಿಕದ ರಾಷ್ಟ್ರೀಯ ಪತ್ರಾಗಾರದ 111ನೆಯ ದಾಖಲೆ ಸಮೂಹದಲ್ಲಿರುವ ಸಿಗ್ನಲ್ ಕೋರ್‌ನ (ಯುದ್ಧವನ್ನು ಚಿತ್ರೀಕರಿಸುತ್ತಿದ್ದ ಅಮೆರಿಕ ಸೇನೆಯ ವಿಭಾಗ) ಮೂಲ ವಿವರಗಳೊಂದಿಗೆ ತಾಳೆ ನೋಡದೆ ಇಂಥ ಯಾವ ತುಣುಕನ್ನೂ ನಾನು ಒಪ್ಪಿಕೊಂಡಿಲ್ಲ. ಅದೇ ಸರಣಿಯಲ್ಲಿ ಜರ್ಮನ್ ಜನರಲ್ ಆಂಟನ್ ಡೋಸ್ಟ್ಲರ್‌ನ ದೃಶ್ಯವೂ ಇತ್ತು. 1944ರ ಮಾರ್ಚ್‌ನಲ್ಲಿ, ಇಟಲಿಯ ಲಾ ಸ್ಪೆಜಿಯಾ ಬಳಿ ರೈಲು ಸುರಂಗವೊಂದನ್ನು ಸ್ಫೋಟಿಸಲು ಬಂದು ಸೆರೆಸಿಕ್ಕ, ಸಮವಸ್ತ್ರದಲ್ಲಿದ್ದ 15 ಅಮೆರಿಕನ್ ಸೈನಿಕರನ್ನು ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಲ್ಲಲು ಆದೇಶಿಸಿದವನು ಅವನು. ಮೇಲಿನವರ ಆಜ್ಞೆಯನ್ನಷ್ಟೇ ಪಾಲಿಸಿದೆನೆಂಬ ಅವನ ವಾದವನ್ನು ಸೇನಾ ಆಯೋಗ ತಳ್ಳಿಹಾಕಿತು. ಕಂಬಕ್ಕೆ ಅವನನ್ನು ನಿಲ್ಲಿಸಿ ಸೈನಿಕರು ಹಗ್ಗ ಬಿಗಿಯುವ ಕೆಲವು ಕ್ಷಣಗಳನ್ನು ನಾನು ಚೌಕಟ್ಟು ಚೌಕಟ್ಟಾಗಿ ನೋಡಬೇಕಾಯಿತು. ಹಗ್ಗ ಬಿಗಿಯುವವರ ಕೈಗಳಲ್ಲಿ ಸಿಟ್ಟಾಗಲಿ ಅವಸರವಾಗಲಿ ಕಾಣಲಿಲ್ಲ, ಸಾಮಾನು ಕಟ್ಟುವವರ ಗಮನವಷ್ಟೇ ಇತ್ತು. (ಅಂದು ಮಧ್ಯಾಹ್ನ ಊಟ ಸೇರಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ.)

ನಿರ್ದೇಶಕರು ಆ ದೃಶ್ಯಕ್ಕೆ ಗುಂಡಿನ ಸದ್ದು ಸೇರಿಸಿದ್ದರು. ಸೇನೆಯ ಛಾಯಾಗ್ರಾಹಕರು ಹೆಚ್ಚಾಗಿ ಬಳಸುತ್ತಿದ್ದ ಐಮೋ ಕ್ಯಾಮೆರಾ ಧ್ವನಿಯನ್ನು ಹಿಡಿಯುವಂಥದ್ದಲ್ಲ, 100 ಅಡಿಯ ಅದರ ಸುರುಳಿ ಓಡುವುದೇ ಒಂದು ನಿಮಿಷದ ಆಸುಪಾಸು, ನಾವು ಸದ್ದು ಕೂಡಿಸಿದರೆ ದಾಖಲೆಗೆ ಇಲ್ಲದ ಸಾಕ್ಷ್ಯವನ್ನು ತುಂಬಿದಂತಾಗುತ್ತದೆ ಎಂದು ನಾನು ವಾದಿಸಿದೆ. “ಮೌನವಾಗಿದ್ದರೆ ಜನ ಚಾನೆಲ್ ಬದಲಿಸುತ್ತಾರೆ ಕಣ್ರೀ” ಎಂದರು. ಒಂದು ವಾರದ ಹಗ್ಗಜಗ್ಗಾಟದ ನಂತರ ಸದ್ದು ಹೋಯಿತು. ಗುಂಡು ಹಾರಿದ ಬಳಿಕದ ಭಾಗವನ್ನೂ ಕೈಬಿಟ್ಟೆವು. ಪರದೆಯ ಕೆಳಗೆ ನಾನು ಬರೆದುಕೊಟ್ಟ ಸಾಲು ಹಾಗೆಯೇ ಉಳಿದಿದೆ: ‘ಅವೆರ್ಸಾ, ಇಟಲಿ. 1945ರ ಡಿಸೆಂಬರ್ 1. ಧ್ವನಿ ಸೇರಿಸಿಲ್ಲ.’