ಮೊಂಟೋನೆಯ ನೆರಳುಗಡಿಯಾರ ನೋಡಲು ಹೋಗುವವರಿಗೆ

ಬೆಳಗಾವಿಯಲ್ಲಿ ಬೆಳೆದವರಿಗೆ ಮರಾಠಾ ಲೈಟ್ ಇನ್‌ಫೆಂಟ್ರಿ ಹೊಸ ಹೆಸರಲ್ಲ. ಬೆಳಿಗ್ಗೆ ಕ್ಯಾಂಪಿನ ರಸ್ತೆಯಲ್ಲಿ ಸಾಲಾಗಿ ಓಡುವ ಹುಡುಗರನ್ನು ನೋಡುತ್ತಲೇ ನಾವು ಶಾಲೆಗೆ ಹೋದವರು. ಎರಡನೇ ಮಹಾಯುದ್ಧದಲ್ಲಿ ಮಡಿದ, ಅದೇ ರೆಜಿಮೆಂಟಿನ ಯಶವಂತ ಘಾಡಗೆ ಎಂಬ ಯೋಧನ ಸ್ಮಾರಕ ಇಟಲಿಯ ಹಳ್ಳಿಯೊಂದರಲ್ಲಿದೆ ಎಂದು ತಿಳಿದು, ರೋಮ್ ಪ್ರವಾಸದಲ್ಲಿ ಎರಡು ದಿನ ಅದಕ್ಕೆಂದೇ ಎತ್ತಿಟ್ಟೆ.

ಹಳ್ಳಿಯ ಹೆಸರು ಮೊಂಟೋನೆ. ಉಂಬ್ರಿಯಾದಲ್ಲಿ, ಟೈಬರ್ ನದಿಯ ಮೇಲ್ಕಣಿವೆಯ ಗುಡ್ಡದ ಮೇಲಿದೆ. ಪೆರುಜಾಗೆ ರೈಲಿದೆ. ಮುಂದೆ ಉಂಬೆರ್ಟೀಡೆ ದಾಟಿ ಹೋಗಬೇಕು. ಬಸ್ಸನ್ನು ನಂಬಿ ಭಾನುವಾರ ಹೊರಡಬೇಡಿ, ನಾನು ಹೊರಟು ಕೆಟ್ಟೆ. ಬಾಡಿಗೆ ಕಾರು ವಾಸಿ; ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಊರಿನಲ್ಲೇ ಮಾಡಿಸಿಕೊಳ್ಳಿ. ಕಾರನ್ನು ಕೋಟೆಗೋಡೆಯ ಹೊರಗೇ ಬಿಟ್ಟು ನಡೆಯಿರಿ.

ಸ್ಮಾರಕ ನೆರಳುಗಡಿಯಾರದ ರೂಪದಲ್ಲಿದೆ, 2023ರ ಜುಲೈನಲ್ಲಿ ಉದ್ಘಾಟನೆಯಾಯಿತು. ನಾವೆಲ್ಲರೂ ಒಂದೇ ಸೂರ್ಯನ ಕೆಳಗಿನವರು ಎಂಬುದು ಅದರ ಧ್ಯೇಯವಾಕ್ಯ. ಮೋಡದ ದಿನ ಹೋದರೆ ಅರ್ಧ ಭೇಟಿಯೇ ನಷ್ಟ. ನಾನು ಹೋದದ್ದು ಸೆಪ್ಟೆಂಬರ್, ಬಿಸಿಲಿತ್ತು. ಮೊಬೈಲಿನಲ್ಲಿ ಹನ್ನೆರಡು ದಾಟಿದ್ದರೂ ನೆರಳು ಹನ್ನೊಂದರ ಆಸುಪಾಸಿನಲ್ಲೇ ಇತ್ತು. ಬೇಸಿಗೆಯಲ್ಲಿ ಇಟಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಸೂರ್ಯನಿಗೆ ಆ ಲೆಕ್ಕ ಗೊತ್ತಿಲ್ಲ.

ನಾಯಕ್ ಯಶವಂತ ಘಾಡಗೆ ಈ ಕಣಿವೆಯಲ್ಲಿ ಮಡಿದದ್ದು 1944ರ ಜುಲೈ 10ರಂದು, ಇಪ್ಪತ್ತೆರಡರ ವಯಸ್ಸಿನಲ್ಲಿ. ಅವರ ಸೆಕ್ಷನ್ ಎಂಬ ಸಣ್ಣ ತುಕಡಿಯ ಉಳಿದವರೆಲ್ಲ ಸತ್ತೋ ಗಾಯಗೊಂಡೋ ಬಿದ್ದಿದ್ದರು. ಒಬ್ಬರೇ ಮಷಿನ್‌ಗನ್ ನೆಲೆಗೆ ನುಗ್ಗಿ ಗ್ರೆನೇಡ್ ಎಸೆದರು, ಒಬ್ಬನಿಗೆ ಗುಂಡು ಹಾರಿಸಿದರು. ಮ್ಯಾಗಜಿನ್ ಬದಲಿಸಲು ಪುರುಸೊತ್ತಿಲ್ಲದೆ ಬಂದೂಕಿನ ನಳಿಗೆ ಹಿಡಿದು ಉಳಿದಿಬ್ಬರನ್ನು ಬಡಿದು ಕೊಂದರು. ಮರುಕ್ಷಣ ಮರೆಯಲ್ಲಿದ್ದ ಶತ್ರುಗಳ ಗುಂಡು ತಗುಲಿತು. ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಇಟಲಿಯ ಹೋರಾಟದಲ್ಲಿ ಕೊಟ್ಟ ಇಪ್ಪತ್ತು ವಿಕ್ಟೋರಿಯಾ ಕ್ರಾಸ್‌ಗಳಲ್ಲಿ ಆರು ಭಾರತೀಯ ಸೈನಿಕರವು. ಅಲ್ಲಿ ಸತ್ತ ನಮ್ಮವರು 5,782 ಮಂದಿ.

ಊಟವನ್ನು ಮಧ್ಯಾಹ್ನ ಎರಡರೊಳಗೆ ಮುಗಿಸಿಕೊಳ್ಳಿ, ಆಮೇಲೆ ಅಡುಗೆಮನೆ ಮುಚ್ಚುತ್ತಾರೆ. ಸಸ್ಯಾಹಾರಿಗಳು ಸಾಸ್‌ನಲ್ಲಿ ಮಾಂಸವಿದೆಯೇ ಎಂದು ಕೇಳಿಯೇ ಪಾಸ್ತಾ ಹೇಳಿ.

ಘಾಡಗೆಯವರ ದೇಹ ಸಿಗಲೇ ಇಲ್ಲ. ಹಾಗಾಗಿ ಸಮಾಧಿ ಹುಡುಕಬೇಡಿ, ಹೆಸರಿರುವುದು ಕಸ್ಸಿನೋ ಸ್ಮಾರಕದಲ್ಲಿ. ರೋಮ್‌ನಿಂದ ನೇಪಲ್ಸ್ ಕಡೆಯ ರೈಲು ಹಿಡಿದರೆ ಕಸ್ಸಿನೋ ಸಿಗುತ್ತದೆ. ಅಲ್ಲಿನ ಕಲ್ಲುಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಫಲಕದ ಸಂಖ್ಯೆಯನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ನೋಡಿ ಬರೆದುಕೊಂಡು ಹೋಗಿ. ಹಾಗೆ ಮಾಡದ ನಾನು ಮುಕ್ಕಾಲು ಗಂಟೆ ಕತ್ತೆತ್ತಿಕೊಂಡು ಓದಿದೆ.