ಸಿಲಿಕಾನ್ ಇನ್‌ಫ್ರಾರೆಡ್ ಸೆನ್ಸರ್: 1050 ನ್ಯಾನೋಮೀಟರ್‌ನಲ್ಲೂ ಸಿಗ್ನಲ್ ಬಂತು

ಇಲ್ಲಿಯವರೆಗೆ 850 ಮತ್ತು 940 ನ್ಯಾನೋಮೀಟರ್ ತರಂಗಾಂತರದ ಎಲ್‌ಇಡಿಗಳಲ್ಲೇ ಆಟ ನಡೆದಿತ್ತು. ಈಗ 1050ರದ್ದು ಕೈಗೆ ಬಂದಿದೆ. ಸಿಗ್ನಲ್ ಸಣ್ಣದು, ಆದರೆ ಇದೆ!

ಸೆನ್ಸರ್ ಅದೇ ಬಿಪಿಡಬ್ಲ್ಯೂ34, ಬೆಳಕು ಬಿದ್ದರೆ ಸಣ್ಣ ಕರೆಂಟ್ ಕೊಡುವ ಅಗ್ಗದ ಸಿಲಿಕಾನ್ ಫೋಟೋಡಯೋಡ್. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್‌ನ ಸೆನ್ಸರ್ ತಗೊಂಡರೆ 1700ರವರೆಗೂ ಆರಾಮಾಗಿ ಕಾಣುತ್ತದೆ, ಆದರೆ ಅದರ ಬೆಲೆ ನೋಡಿದರೆ ಹವ್ಯಾಸವೇ ಬೇಡ ಅನಿಸುತ್ತದೆ.

ಸಿಲಿಕಾನ್‌ನ ಬ್ಯಾಂಡ್‌ಗ್ಯಾಪ್, ಅಂದರೆ ಅದರಲ್ಲಿ ಎಲೆಕ್ಟ್ರಾನ್ ಬಿಡಿಸಲು ಬೆಳಕಿನ ಒಂದು ಕಣಕ್ಕೆ ಇರಬೇಕಾದ ಕನಿಷ್ಠ ಶಕ್ತಿ, 1.12 ಎಲೆಕ್ಟ್ರಾನ್ ವೋಲ್ಟ್. ತರಂಗಾಂತರ ಹೆಚ್ಚಿದಷ್ಟೂ ಆ ಶಕ್ತಿ ಕಡಿಮೆ. ಹಾಗಾಗಿ ಸುಮಾರು 1100ರ ಆಚೆ ಬೆಳಕು ಅದಕ್ಕೆ ಕಾಣುವುದಿಲ್ಲ. ಅದಕ್ಕೂ ಮೊದಲೇ ಕಷ್ಟ ಶುರು. 850ರ ಬೆಳಕಿನ ಹೆಚ್ಚಿನ ಪಾಲನ್ನು ಹೀರಲು 20 ಮೈಕ್ರಾನ್ ದಪ್ಪ ಸಾಕು, 940ಕ್ಕೆ 50ರಷ್ಟು ಬೇಕು, 1050ಕ್ಕೆ ಅರ್ಧ ಮಿಲಿಮೀಟರ್‌ಗೂ ಜಾಸ್ತಿ. ಅಂದರೆ ಹೆಚ್ಚಿನ ಬೆಳಕು ಚಿಪ್ ದಾಟಿ ಹೋಗಿಬಿಡುತ್ತದೆ.

ಅದಕ್ಕೇ ಡಯೋಡ್‌ನ ಕರೆಂಟನ್ನು ವೋಲ್ಟೇಜ್ ಮಾಡುವ ಆಂಪ್ಲಿಫೈಯರ್‌ನಲ್ಲಿ, ಎಷ್ಟು ಹಿಗ್ಗಿಸಬೇಕು ಅಂತ ತೀರ್ಮಾನಿಸುವ ಫೀಡ್‌ಬ್ಯಾಕ್ ರೆಸಿಸ್ಟರನ್ನು 1 ಮೆಗಾಓಮ್‌ನಿಂದ 10ಕ್ಕೆ ಏರಿಸಿದೆ. ಈಗ 1 ನ್ಯಾನೋ ಆಂಪ್‌ಗೆ 10 ಮಿಲಿವೋಲ್ಟ್. ಜೊತೆಗೆ ಹೊಸ ತಲೆನೋವು: ಬೋರ್ಡ್ ಮೇಲೆ ಉಸಿರು ಬಿಟ್ಟರೂ ಬೆಳಕಿಲ್ಲದಾಗಿನ ಸೊನ್ನೆ ರೀಡಿಂಗ್ ಜಾರುತ್ತಿತ್ತು. ಇನ್‌ಪುಟ್ ಪಿನ್ ಪಕ್ಕದಲ್ಲೇ 5 ವೋಲ್ಟ್ ಟ್ರ್ಯಾಕ್, ನಡುವೆ ಸೋಲ್ಡರ್ ಫ್ಲಕ್ಸ್‌ನ ಅಂಟು. ಆ ದಾರಿಯಲ್ಲಿ 1 ಗಿಗಾಓಮ್ ಇದ್ದರೂ 5 ನ್ಯಾನೋ ಆಂಪ್ ಸೋರುತ್ತದೆ, ಅಂದರೆ ಔಟ್‌ಪುಟ್‌ನಲ್ಲಿ 50 ಮಿಲಿವೋಲ್ಟ್! ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿದೆ. ಆಮೇಲೆ ಇನ್‌ಪುಟ್ ಪಿನ್ನನ್ನು ಮೇಲಕ್ಕೆ ಬಗ್ಗಿಸಿ, ಡಯೋಡ್ ಮತ್ತು ರೆಸಿಸ್ಟರ್ ಕಾಲುಗಳನ್ನು ಗಾಳಿಯಲ್ಲೇ ಬೆಸೆದೆ. ನೋಡಲು ಜೇಡರ ಬಲೆ, ಆದರೆ ಸೊನ್ನೆ ಈಗ ಅಲುಗಾಡುತ್ತಿಲ್ಲ.

ರೂಮಿನ ಲೈಟಿನ 100 ಹರ್ಟ್ಸ್ ಅಲೆಗೆ ಹಳೇ ಉಪಾಯವೇ. ಎಲ್‌ಇಡಿಯನ್ನು 1 ಕಿಲೋಹರ್ಟ್ಸ್‌ನಲ್ಲಿ ಮಿಟುಕಿಸಿ, ಆನ್ ರೀಡಿಂಗ್‌ನಿಂದ ಆಫ್ ರೀಡಿಂಗ್ ಕಳೆಯುವುದು, ಸರಾಸರಿ ತೆಗೆಯುವುದು.

'ಇದು ಬಿಸಿ ವಸ್ತು ಪತ್ತೆ ಮಾಡುತ್ತಾ' ಅಂತ ಕೇಳುವವರು ಇದ್ದೇ ಇರುತ್ತಾರೆ, ಅಲ್ವಾ? 350 ಡಿಗ್ರಿಯ ಸೋಲ್ಡರಿಂಗ್ ಐರನ್ ತುದಿಯನ್ನು ಎದುರಿಗೇ ಹಿಡಿದೆ. ಏನೂ ಇಲ್ಲ. ಅದರ ಹೊಳಪಿನ ಶಿಖರ ಇರುವುದು 4.6 ಮೈಕ್ರಾನ್, ಅಂದರೆ 4600 ನ್ಯಾನೋಮೀಟರ್ ಹತ್ತಿರ, ಸಿಲಿಕಾನ್‌ನ ಮಿತಿಯಿಂದ ಬಹಳ ಆಚೆ.

ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಅವರ ತಂಡ ಫೆಮ್ಟೋಸೆಕೆಂಡ್ ಲೇಸರ್‌ನಿಂದ ಮಾಡಿದ 'ಕಪ್ಪು ಸಿಲಿಕಾನ್' 1100 ದಾಟಿಯೂ ಬೆಳಕು ಹೀರುತ್ತದೆ. ಅದು ನನ್ನ ಮೇಜಿನ ಮೇಲೆ ಆಗುವ ಕೆಲಸ ಅಲ್ಲ ಬಿಡಿ.

ನನ್ನ ಕೈಗೆ ಸಿಗುವ ದಾರಿ ಬಿಸಿ ಮಾಡುವುದು. ಸಿಲಿಕಾನ್ ಕಾದರೆ ಬ್ಯಾಂಡ್‌ಗ್ಯಾಪ್ ಕಿರಿದಾಗುತ್ತದೆ. ಸುಮ್ನೆ ಹೇರ್ ಡ್ರೈಯರ್ ಹಿಡಿದೆ: 1050ರ ಸಿಗ್ನಲ್ ಕಣ್ಣಿಗೆ ಕಾಣುವಂತೆ ಏರಿತು, 850ರದ್ದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆದರೆ ಪ್ರತಿ 10 ಡಿಗ್ರಿಗೆ ಡಾರ್ಕ್ ಕರೆಂಟ್ (ಬೆಳಕಿಲ್ಲದಿದ್ದರೂ ಹರಿಯುವ ಕರೆಂಟ್) ಸರಿಸುಮಾರು ಎರಡು ಪಟ್ಟಾಗುತ್ತದೆ. ಡಯೋಡ್ ಬೆನ್ನಿಗೆ ಕಾಯಿಸಲು ಒಂದು ರೆಸಿಸ್ಟರ್, ಬಿಸಿ ಅಳೆಯಲು ಒಂದು ಥರ್ಮಿಸ್ಟರ್ ಅಂಟಿಸಿದ್ದೇನೆ. ಎಷ್ಟು ಡಿಗ್ರಿಯವರೆಗೆ ಲಾಭ ಅಂತ ಇನ್ನು ಅಳೆಯಬೇಕು.