ನಮ್ಮ ಕನ್ನಡ ಸರ್ ಮತ್ತು ಹೆದರಿಕೆಯ ಪಾಠ

ಕಾರವಾರದಲ್ಲಿ ಡಿಗ್ರಿ ಓದುವಾಗ ಕಲಿತದ್ದರಲ್ಲಿ ಎಷ್ಟೋ ಮರೆತುಹೋಗಿದೆ. ಉಳಿದದ್ದು ಕನ್ನಡ ಸರ್ ಹೆದರಿಕೆಯ ಬಗ್ಗೆ ಆಡಿದ ಮಾತು. ಅದು ಸಿಲಬಸ್ಸಿನಲ್ಲಿ ಇರಲಿಲ್ಲ. ಆದರೆ ಯಾವ ಪಾಠ ತೆಗೆದರೂ ಅವರು ಕೊನೆಗೆ ಅಲ್ಲಿಗೇ ಬರುತ್ತಿದ್ದರು: ಇಲ್ಲಿ ಯಾರು ಯಾರಿಗೆ ಹೆದರಿದ್ದಾರೆ, ಹೆದರಿ ಏನು ಮಾಡಿದ್ದಾರೆ? ಮ್ಯಾಗಜಿನ್‌ಗೆ ನೆನಪು ಬರೆದುಕೊಡಿ ಎಂದಾಗ ನನಗೆ ಮೊದಲು ಹೊಳೆದದ್ದು ಇದೇ.

ಮೊದಲ ವರ್ಷದ ಶುರುವಿನಲ್ಲೇ ಅವರು ನಮ್ಮನ್ನೆಲ್ಲ ಕೇಳಿದ್ದರು, ನಿಮಗೆ ಯಾವುದರ ಹೆದರಿಕೆ ಅಂತ. ಹಾವು, ಕತ್ತಲೆ, ಇಂಗ್ಲಿಷ್ ಪೇಪರ್ ಹೀಗೆ ಬಂದವು ಉತ್ತರಗಳು. ಬಂದರಿನ ಪಕ್ಕದ ಬೈತಖೋಲದಿಂದ ಬರುತ್ತಿದ್ದ ಹುಡುಗನೊಬ್ಬ ಕಡಲು ಅಂದ. ಮೀನುಗಾರರ ಮನೆಯವನು ಕಡಲಿಗೆ ಹೆದರುವುದಾ ಅಂತ ಎಲ್ಲರೂ ತಿರುಗಿ ನೋಡಿದರು. ಅವನು ಅಪ್ಪನ ವಿಷಯ ಹೇಳಿದ. ಬೋಟಿಗೆ ಡೀಸೆಲ್ ತುಂಬಿಸಿ ಆಗಿದೆ, ಐಸ್ ಹಾಕಿ ಆಗಿದೆ, ಬಲೆ ಮೇಲೇರಿದೆ. ಅಷ್ಟರಲ್ಲಿ ದೇವಗಡ ದೀಪಸ್ತಂಭದ ಆಚೆ ಮೋಡ ಕಪ್ಪಾಗಿದ್ದು ಕಂಡರೆ ಅಪ್ಪ "ಇವತ್ತು ಬೇಡ" ಅಂತ ಇಳಿದುಬಿಡುತ್ತಾರೆ. ಐಸಿನ ದುಡ್ಡು ಹೋಯಿತು, ದಿನದ ದುಡಿಮೆ ಹೋಯಿತು. ಆದರೆ ಧಕ್ಕೆಯಲ್ಲಿ ಒಬ್ಬರೂ ಅವರನ್ನು ಹೇಡಿ ಅನ್ನುವುದಿಲ್ಲ, ಪಕ್ಕದ ಬೋಟಿನವರೂ ಒಂದು ಸಲ ಆಕಾಶ ನೋಡಿ ಇಳಿಯುತ್ತಾರೆ. ಸರ್ ಇದನ್ನು ಕೇಳಿ ತುಂಬ ಹೊತ್ತು ಮಾತಾಡಿದರು. ಕಡಲು, ಹುಲಿ, ಗುಡ್ಡ, ಮಳೆ ಇವುಗಳ ಹೆದರಿಕೆ ಮನುಷ್ಯನನ್ನು ಸಣ್ಣವನನ್ನಾಗಿ ಮಾಡುವುದಿಲ್ಲ, ಎಚ್ಚರ ಕಲಿಸುತ್ತದೆ. ಮನುಷ್ಯರಿಗೆ ಮನುಷ್ಯರು ಹೆದರುವುದು ಇದೆಯಲ್ಲ, ಬಾಯಿ ಕಟ್ಟಿಸುವುದು ಅದು ಅಂದರು. ಆಮೇಲಿನ ಪಾಠಗಳೆಲ್ಲ ನನಗೆ ಈ ಮಾತಿಗೆ ಒಂದೊಂದೇ ಉದಾಹರಣೆ ಸೇರಿಸಿದ ಹಾಗೆ ಕಂಡವು.

ರನ್ನನ ಗದಾಯುದ್ಧದ ಪಾಠ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲ ಕಳೆದುಕೊಂಡ ದುರ್ಯೋಧನ ಭೀಷ್ಮನ ಮಾತಿನಂತೆ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಆಗ "ನೀರೊಳಗಿರ್ದುಂ ಬೆಮರ್ದನುರಗಪತಾಕಂ", ಅಂದರೆ ಹಾವಿನ ಬಾವುಟದ ದುರ್ಯೋಧನ ನೀರೊಳಗಿದ್ದೂ ಬೆವರಿದ. ಸರ್ ಪುಸ್ತಕ ಮಡಚಿಟ್ಟು ಕೇಳಿದರು, "ಎಂತಕ್ಕೆ ಬೆವರಿದ?" ಅರ್ಧ ಕ್ಲಾಸು ಹೆದರಿಕೆಗೆ ಅಂದಿತು. ಪದ್ಯದಲ್ಲೇ ಕೋಪದಿಂದ ಕಣ್ಣು ಕೆಂಪಾದದ್ದು ಇದೆಯಲ್ಲ ಅಂತ ಉಳಿದವರು ಸಿಟ್ಟಿಗೆ ಅಂದರು. ಗೈಡಿನಲ್ಲೂ ಸಿಟ್ಟು ಅಂತಲೇ ಇತ್ತು.

ಕೊನೇ ಬೆಂಚಿನಲ್ಲಿ ಅಂಕೋಲೆ ಕಡೆಯ ಹಾಲಕ್ಕಿ ಒಕ್ಕಲು ಸಮುದಾಯದ ಹುಡುಗಿಯೊಬ್ಬಳು ಕೂರುತ್ತಿದ್ದಳು. ಅವಳ ಕನ್ನಡ ಬೇರೆ ಥರ ಕೇಳುತ್ತದೆ ಅಂತ ಕೆಲವರು ನಗುತ್ತಿದ್ದರು. ಹಾಗಾಗಿ ಉತ್ತರ ಗೊತ್ತಿದ್ದರೂ "ಗೊತ್ತಿಲ್ಲ ಸರ್" ಅಂದುಬಿಡುತ್ತಿದ್ದಳು. ಅವತ್ತು ಸರ್ ಅವಳನ್ನೂ ಕೇಳಿದರು, ಕೇಳಿ ಸುಮ್ಮನೆ ಕಾದರು. ಅವಳು ಎದ್ದು ಡೆಸ್ಕಿನ ತುದಿಯನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. "ಹೆದ್ರಿಕೆನೂ ಅಲ್ಲ, ಸಿಟ್ಟೂ ಅಲ್ಲ ಸರ್. ನಾಚ್ಕೆ. ಅಡಗಿ ಕೂತದ್ದು ಎಲ್ರಿಗೂ ಗೊತ್ತಾಯ್ತಲ್ಲ, ಅದ್ಕೆ" ಅಂದಳು. ಒಂದಿಬ್ಬರು ಕಿಸಕ್ಕೆಂದರು. ಸರ್ ಆ ಕಡೆ ನೋಡಲೂ ಇಲ್ಲ. ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬೋರ್ಡಿನ ಮೇಲೆ ಬರೆದರು, ರನ್ನನ ಸಾಲಿನ ಕೆಳಗೇ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ ಅಂದರು. ಆಮೇಲೆ ಅವಳು "ಗೊತ್ತಿಲ್ಲ" ಅಂದದ್ದು ಕಡಿಮೆ ಆಯಿತು, ನಗುವವರೂ ಕಡಿಮೆ ಆದರು.

ಉತ್ತರಕುಮಾರನನ್ನು ನಾವೆಲ್ಲ ಯಕ್ಷಗಾನದ ಆಟದಲ್ಲಿ ನೋಡಿ ನಕ್ಕವರೇ. ಹೆಂಗಸರ ಮುಂದೆ ಪೌರುಷ ಕೊಚ್ಚಿ, ಕೌರವ ಸೇನೆ ಕಂಡ ಕೂಡಲೇ ರಥದಿಂದ ಹಾರಿ ಓಡುತ್ತಾನೆ. ಸರ್‌ಗೆ ಮಾತ್ರ ಅವನ ಮೇಲೆ ವಿಶೇಷ ಪ್ರೀತಿ. ಅವನು ಹೆದರಿಕೆ ಮುಚ್ಚಿಡಲಿಲ್ಲ ನೋಡಿ, ನನ್ನಿಂದ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದ, ಅದಕ್ಕೇ ಅರ್ಜುನನಿಗೆ ಅವನನ್ನು ಹಿಡಿದು ತಂದು ಕೈಗೆ ಹಗ್ಗ ಕೊಡಲು ಆಯಿತು, ಅದೇ ಸೇನೆಯ ನಡುವೆ ಅವನೇ ರಥ ಹೊಡೆದ ಅನ್ನುತ್ತಿದ್ದರು. ಅದೇ ಭೀಷ್ಮನನ್ನು ನೋಡಿ. ಇಚ್ಛಾಮರಣಿ, ಸಾವಿಗೆ ಹೆದರಬೇಕಾಗಿಲ್ಲ. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಅವನು ಯಾರಿಗೆ ಹೆದರಿದ? ಎದ್ದು ಮಾತಾಡಿದವನು ದುರ್ಯೋಧನನ ತಮ್ಮ ವಿಕರ್ಣ. ಅವನಿಗೂ ಕರ್ಣನಿಂದ ಬೈಗುಳ ಸಿಕ್ಕಿತು, ಸಭೆ ಬದಲಾಗಲಿಲ್ಲ. ಹಾಗಾದರೆ ಮಾತಾಡಿ ಏನು ಉಪಯೋಗವಾಯಿತು ಅಂತ ನಾವು ವಾದ ಮಾಡಿದೆವು. ದ್ರೌಪದಿಗೆ ಆ ಸಭೆಯಲ್ಲಿ ಒಬ್ಬನಾದರೂ ಇದ್ದಾನೆ ಅಂತ ಗೊತ್ತಾಯಿತಲ್ಲ ಅಂದರು ಸರ್. ನನಗೆ ಆಗ ಈ ಉತ್ತರ ಸಾಲದು ಅನಿಸಿತ್ತು. ಈಗ ಕೆಲಸದ ಮೀಟಿಂಗುಗಳಲ್ಲಿ ಕೂತು ನೋಡಿದ ಮೇಲೆ, ಅದು ಸಣ್ಣ ಮಾತಲ್ಲ ಅನಿಸುತ್ತದೆ.

ಇದೆಲ್ಲ ಕಥೆಯ ಮಾತು ಅನ್ನುವವರಿಗೆ ಅವರು ನಮ್ಮ ಜಿಲ್ಲೆಯನ್ನೇ ತೋರಿಸುತ್ತಿದ್ದರು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು. ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂದರು. ಸರ್ಕಾರ ಜಮೀನು, ದನ, ಪಾತ್ರೆ ಪಗಡ ಜಪ್ತಿ ಮಾಡಿತು. ಜಪ್ತಿಯಾದ ಜಮೀನು ಕೊಂಡವರ ಮನೆ ಮುಂದೆ ಸಿದ್ದಾಪುರ ತಾಲ್ಲೂಕಿನ ಹೆಂಗಸರು ಉಪವಾಸ ಕೂತರು, ಮಾವಿನಗುಂಡಿಯಲ್ಲಿ ಅದರ ಸ್ಮಾರಕವೂ ಇದೆ. ಮನೆಯ ಜಗಲಿ ದಾಟಿ ಹೊರಗೆ ಕಾಣಿಸಿಕೊಳ್ಳದ ಹೆಂಗಸರು ಅವರು. ಅಲ್ಲಿ ಒಂದು ಸೂಕ್ಷ್ಮ ಇದೆ. ಊರು ಏನಂದೀತು ಎಂಬ ಹೆದರಿಕೆಯನ್ನು ಆ ಹೆಂಗಸರು ತಾವು ಬಿಟ್ಟರು, ಆದರೆ ಹರಾಜಿನಲ್ಲಿ ಕೊಂಡವನಿಗೆ ಅದೇ ಹೆದರಿಕೆ ಹುಟ್ಟುವಂತೆ ಮಾಡಿದರು. ಹಾಗಾಗಿ ಜನರ ಹೆದರಿಕೆ ಪೂರ್ತಿ ಕೆಟ್ಟದ್ದು ಅಂತ ಹೇಳಲು ನನಗೆ ಈಗಲೂ ಧೈರ್ಯ ಬರುವುದಿಲ್ಲ.

ನಾವು ಓದುವಾಗ ಎಲ್ಲರ ಬಾಯಲ್ಲೂ ಕೈಗಾ. ಅಣುಸ್ಥಾವರ ಬೇಡ ಅಂತ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ, 87ರ ವಯಸ್ಸಿನಲ್ಲಿ, ನಮ್ಮ ಕ್ಷೇತ್ರದಿಂದಲೇ ನಿಂತಿದ್ದರು, ಗೆಲ್ಲಲಿಲ್ಲ. ಹೆದರುವವರನ್ನು ತಿಳಿವಳಿಕೆ ಇಲ್ಲದವರು ಅಂತ ಸುಮ್ಮನಾಗಿಸುವುದು ಸುಲಭವಾಗಿತ್ತು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟ ಕುಸಿಯಿತು. ರಜೆ ಮುಗಿಸಿ ಬಂದಾಗ ಕ್ಲಾಸಿನಲ್ಲಿ ಜೋರು ಚರ್ಚೆ. ಸರ್ ಯಾರ ಪರವನ್ನೂ ವಹಿಸಲಿಲ್ಲ. ಹೆದರಿದವನನ್ನು ದಡ್ಡ ಅನ್ನುವ ಮೊದಲು ಅವನು ಯಾಕೆ ಹೆದರಿದ ಅಂತ ಕೇಳಿ, ಅಷ್ಟೇ ಅಂದರು. ಆ ಸ್ಥಾವರದಿಂದ 2000ದಿಂದ ವಿದ್ಯುತ್ ಬರುತ್ತಿದೆ, ಅದು ಬೇರೆ ಮಾತು. ಆದರೆ 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜಾರಿ, ಚಹಾ ಅಂಗಡಿ ಸಮೇತ ಜನ ಮಣ್ಣಾದರಲ್ಲ, ಆ ದಿನ ಟಿವಿ ನೋಡುತ್ತಾ ಕೂತ ನನಗೆ ಸರ್ ಅವರ ಈ ಮಾತೇ ಕಿವಿಯಲ್ಲಿತ್ತು. ಗುಡ್ಡದ ಬುಡದಲ್ಲಿ ಇರುವವರಿಗೆ ಮಳೆಗಾಲದ ಹೆದರಿಕೆ ಇದ್ದೇ ಇರುತ್ತದೆ. ಅದನ್ನು ಕೇಳಿಸಿಕೊಳ್ಳುವ ಜಾಗ ನಮ್ಮಲ್ಲಿ ಇಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಯಶವಂತ ಚಿತ್ತಾಲರ 'ಶಿಕಾರಿ'ಯನ್ನೂ ಕೈಗೆ ಕೊಟ್ಟವರು ಅವರೇ. ಗೋಕರ್ಣದ ಹತ್ತಿರದ ಹನೇಹಳ್ಳಿಯವರು ಬರೆದ, 1979ರಲ್ಲಿ ಬಂದ ಕಾದಂಬರಿ. ಮುಂಬೈಯ ದೊಡ್ಡ ಕಂಪನಿಯ ಅಧಿಕಾರಿ ನಾಗಪ್ಪನನ್ನು ಕೆಲಸದಿಂದ ದೂರ ಇಡುತ್ತಾರೆ, ಯಾಕೆ ಅಂತ ಅವನಿಗೆ ಗೊತ್ತಿಲ್ಲ. ಕಾಡಿಲ್ಲ, ಹುಲಿಯಿಲ್ಲ, ಇರುವುದು ಫೋನು, ಲಿಫ್ಟು, ಜೊತೆ ಕೆಲಸ ಮಾಡುವವರ ನಗುಮುಖ. ಹಾಸ್ಟೆಲಿನಲ್ಲಿ ಓದಿದಾಗ ಅರ್ಧ ಅರ್ಥವಾಯಿತು. ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಓದಿದೆ, ರಾತ್ರಿ ನಿದ್ದೆ ಬರಲಿಲ್ಲ.

ಈಗಿನ ಕನ್ನಡ ವಿಭಾಗದವರಲ್ಲಿ ಒಂದು ವಿನಂತಿ. ಸಿಲಬಸ್ಸಿನಲ್ಲಿ ಗದಾಯುದ್ಧ ಇದ್ದರೆ, ಟಿಪ್ಪಣಿ ಬರೆಸುವ ಮೊದಲು "ಎಂತಕ್ಕೆ ಬೆವರಿದ?" ಎಂಬ ಆ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡಿ, ಕೊನೇ ಬೆಂಚಿನಿಂದ ಶುರು ಮಾಡಿ, ಉತ್ತರಕ್ಕೆ ಸ್ವಲ್ಪ ಕಾಯಿರಿ. ಬಂದ ಉತ್ತರಗಳನ್ನು ಮುಂದಿನ ಮ್ಯಾಗಜಿನ್ನಿನಲ್ಲಿ ಹಾಕಿ. ನಮ್ಮ ಬ್ಯಾಚಿನವರೆಲ್ಲ ಓದುತ್ತೇವೆ.